ಮನೆಯ ಹುಂಜವೂ ಅಭಯದಾನವೂ



ಭಾದ್ರಪದ ಮಾಸವು ಸಮೀಪಿಸಿತೆಂದರೆ ಶ್ರಾವಕರ ಮನೆಗಳಲ್ಲಿ ಒಂದು ಲೆಕ್ಕ ಆರಂಭವಾಗುತ್ತದೆ. ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ಏಕಾಶನ ಮಾಡುವವರು ಯಾರು, ಉಪ್ಪು ಬಿಡುವವರು ಯಾರು, ಹಸಿರು ಬಿಡುವವರು ಯಾರು, ಅನಂತ ಚತುರ್ದಶಿಯಂದು ನಿರಾಹಾರರಾಗಿ ಇರಬಲ್ಲವರು ಯಾರು ಎಂದು ಮನೆಮಂದಿಯೆಲ್ಲ ಕುಳಿತು ಮಾತನಾಡುತ್ತಾರೆ. ಈ ಲೆಕ್ಕ ಒಳ್ಳೆಯದೇ. ಆದರೆ ಅಡುಗೆಮನೆಯಿಂದ ಹಿತ್ತಲಿಗೆ ಹತ್ತೇ ಹೆಜ್ಜೆ. ಆ ಹಿತ್ತಲಿನಲ್ಲಿ ಬುಟ್ಟಿಯ ಕೆಳಗೆ ಒಂದು ಜೀವವಿದ್ದರೆ ಅದು ಈ ಲೆಕ್ಕದೊಳಗೆ ಬರುತ್ತದೆಯೇ ಎಂಬುದನ್ನು ಪರ್ವಕ್ಕೆ ಮುಂಚೆಯೇ ವಿಚಾರಿಸಿಕೊಳ್ಳುವುದು ಲೇಸು.

ದೃಷ್ಟಾಂತಕ್ಕಾಗಿ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಒಂದು ಶ್ರಾವಕ ಕುಟುಂಬವಿದೆಯೆಂದು ಭಾವಿಸಿಕೊಳ್ಳಬಹುದು. ಕೃಷ್ಣಾ ತುಂಗಭದ್ರೆಯರ ನಡುವಣ ಎಡೆದೊರೆ ನಾಡಿನ ಕಪ್ಪು ನೆಲ. ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳೂ ಶಾಸನಗಳೂ ಉಳಿದಿರುವ ಹಳೆಯ ಊರು. ಮನೆಯಲ್ಲಿ ವ್ರತನಿಷ್ಠೆಯುಳ್ಳ ಅಜ್ಜಿ, ಆಕೆಯ ಮಗ, ಸೊಸೆ, ಏಳು ವರ್ಷದ ಮೊಮ್ಮಗ. ಯುಗಾದಿ ಕಳೆದ ಮೇಲೆ ನಡೆದ ಜಾತ್ರೆಯೊಂದರಲ್ಲಿ ಗುಲಾಬಿ, ಹಸಿರು, ಹಳದಿ ಬಣ್ಣ ಬಳಿದ ಕೋಳಿಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದರು. ಬಾಲಕನು ಹಟ ಹಿಡಿದನು. ತಂದೆಯು ಅಳು ನಿಲ್ಲಿಸುವುದಕ್ಕಾಗಿ ಗುಲಾಬಿ ಬಣ್ಣದ ಒಂದು ಮರಿಯನ್ನು ಕೊಡಿಸಿದನು. (ಜಾತ್ರೆಯಲ್ಲಿ ಮಕ್ಕಳ ಅಳು ನಿಲ್ಲಿಸಲು ಬಲೂನು ಇದೆ, ಬತ್ತಾಸು ಇದೆ, ತಿರುಗುವ ತೊಟ್ಟಿಲು ಇದೆ. ಜೀವವನ್ನೇ ಆಟಿಕೆಯಾಗಿ ಕೊಡಿಸುವ ಬುದ್ಧಿ ಹಿರಿಯರಿಗೆ ಹೇಗೆ ಬರುತ್ತದೆಯೋ.)

ಓಣಿಯ ಇತರ ಮಕ್ಕಳು ತಂದ ಮರಿಗಳು ವಾರದೊಳಗೆ ಒಂದೊಂದಾಗಿ ಸತ್ತವು. ಈ ಮನೆಯದು ಬದುಕಿತು. ಬಣ್ಣ ಉದುರಿ ಬಿಳಿಯ ಗರಿ ಬಂದಿತು, ಜುಟ್ಟು ಕೆಂಪೇರಿತು, ಶ್ರಾವಣದ ಹೊತ್ತಿಗೆ ಅದು ಹುಂಜವೆಂಬುದು ಎಲ್ಲರಿಗೂ ತಿಳಿಯಿತು. ಏಕೆಂದರೆ ಅದು ಕೂಗತೊಡಗಿತು. ಮೈ ಸಣ್ಣದು, ಧ್ವನಿ ದೊಡ್ಡದು. ಪಕ್ಕದ ಮನೆಯಲ್ಲಿ ಬಾಣಂತಿಯಿದ್ದಳು. ನಸುಕಿನ ನಾಲ್ಕು ಗಂಟೆಗೆ ಕೂಸು ಬೆಚ್ಚಿ ಅಳುತ್ತಿತ್ತು. ಸೊಸೆಯ ಕಾಲಿಗೆ ಎರಡು ಸಲ ಕುಕ್ಕಿ ರಕ್ತ ಬರಿಸಿತು. ಸಾರಿಸಿದ ಅಂಗಳ ನಿಮಿಷದಲ್ಲಿ ಹೊಲಸಾಗುತ್ತಿತ್ತು. ಬಾಲಕನಿಗೂ ಮೊದಲಿನ ಮೋಹ ಇಳಿದಿತ್ತು. ಹೀಗಾಗಿ ಹುಂಜವು ದಿನದ ಹೆಚ್ಚಿನ ಹೊತ್ತು ಬುಟ್ಟಿಯ ಕೆಳಗೇ ಕಳೆಯತೊಡಗಿತು. “ಪರ್ವ ಬರೋದ್ರೊಳಗ ಇದನ್ನ ಯಾರಿಗರೆ ಕೊಟ್ಟುಬಿಡೋಣು” ಎಂದು ಸೊಸೆಯು ಗಂಡನಿಗೆ ಹೇಳಿದಳು. ಆಕೆ ಕ್ರೂರಿಯಲ್ಲ. ಮನೆಯನ್ನು ಶುದ್ಧವಾಗಿಟ್ಟು ನಿಶ್ಚಿಂತೆಯಿಂದ ಪೂಜೆ ಮಾಡಬೇಕೆಂಬುದೇ ಆಕೆಯ ಆಸೆ.

ಕೇಳುವವರು ಬಂದರು. ಹೊಲದ ಕೆಲಸಕ್ಕೆ ಬರುವ ಆಳು, “ಬ್ಯಾಡಂದ್ರ ನಮಗ ಕೊಡ್ರಿ ಅಮ್ಮಾರೇ, ದಸರಾಕ್ಕ ಆಗ್ತದ” ಎಂದನು. ಅವನು ಮುಚ್ಚುಮರೆಯಿಲ್ಲದೆ ನುಡಿದನು. ಅದಕ್ಕಾಗಿ ಅವನನ್ನು ಮೆಚ್ಚಬೇಕು. ಎರಡನೆಯವನು ಹೊಳೆಯಾಚೆಯ ನಂಟರುಳ್ಳ ಯುವಕ. ಅವನು ಹುಂಜವನ್ನೆತ್ತಿ ಕಾಲನ್ನೂ ಮುಳ್ಳನ್ನೂ ಒತ್ತಿ ನೋಡಿ, “ಹುಂಜ ಛಲೋ ಅದ, ನಾ ಸಾಕ್ತೀನಿ” ಎಂದನು. ಸಾಕುವವನು ಮೊದಲು ಮುಳ್ಳನ್ನೇಕೆ ನೋಡಬೇಕು? ಸಂಕ್ರಾಂತಿಯ ಕಾಲದಲ್ಲಿ ಆಂಧ್ರದ ಕರಾವಳಿಯಲ್ಲಿ ಹುಂಜಗಳ ಕಾಲಿಗೆ ಕತ್ತಿ ಕಟ್ಟಿ ಪಣಕ್ಕೆ ಬಿಡುತ್ತಾರೆ. ತುಳುನಾಡಿನಲ್ಲಿಯೂ ಕೋಳಿ ಅಂಕವಿದೆ. ಆ ಚಟ ಜಿಲ್ಲೆ ಜಿಲ್ಲೆಗಳ ಗಡಿಯನ್ನು ನೋಡಿ ನಿಲ್ಲುವಂಥದಲ್ಲ. ಮೂರನೆಯದು ನೆರೆಯವರ ಸಲಹೆ: ಊರಾಚೆಯ ದೇವಿಯ ಗುಡಿಯ ಮುಂದೆ ಬಿಟ್ಟು ಬಂದರಾಯಿತು, ಯಾರಾದರೂ ಒಯ್ಯುತ್ತಾರೆ. ಅನ್ಯರ ಆಚಾರವನ್ನು ನಿಂದಿಸುವುದು ಶ್ರಾವಕನಿಗೆ ತಕ್ಕುದಲ್ಲ. ಆದರೆ ಅಲ್ಲಿಗೆ ಬಂದ ಕೋಳಿಯ ಗತಿಯೇನೆಂಬುದನ್ನು ಅರಿಯದವನಂತೆ ನಟಿಸುವುದೂ ತಕ್ಕುದಲ್ಲ. 1959ರ ಪ್ರಾಣಿಬಲಿ ನಿಷೇಧ ಕಾಯಿದೆ ನಮ್ಮ ರಾಜ್ಯದಲ್ಲಿ ಉಂಟು; ಪಕ್ಷಿಗಳೂ ಅದರೊಳಗೆ ಸೇರಿವೆ. ಕಾಯಿದೆಯಿದ್ದರೂ ಕತ್ತಿ ನಿಂತಿಲ್ಲ.

ಮೂವರಲ್ಲಿ ಯಾರಿಗೆ ಕೊಟ್ಟರೇನು ಎಂಬ ಚರ್ಚೆ ನಡೆದಾಗ ಮಗನು ಒಂದು ಮಾತನ್ನಾಡಿದನು: “ಕೊಟ್ಟ ಮ್ಯಾಲ ನಮಗೇನದ ಅವ್ವ? ನಾವೇನು ಕೊಯ್ತೀವೇನು?”

ಸಮಸ್ತ ವಿಚಾರವೂ ಈ ಒಂದು ಮಾತಿನಲ್ಲಿಯೇ ಅಡಗಿದೆ. ಕೈಯಿಂದ ಬಿಟ್ಟೊಡನೆ ಹೊಣೆಯೂ ಬಿಡುತ್ತದೆಯೇ?

ಶ್ರಾವಕನು ಅಹಿಂಸಾಣುವ್ರತವನ್ನು ಸ್ವೀಕರಿಸುವಾಗ ಸಂಕಲ್ಪಪೂರ್ವಕವಾದ ತ್ರಸಹಿಂಸೆಯನ್ನು ತ್ಯಜಿಸುತ್ತಾನೆ. ಆ ತ್ಯಾಗವು ಕೇವಲ ಕೈಗೆ ಸಂಬಂಧಿಸಿದುದಲ್ಲ. ಮನಸ್ಸು, ವಚನ, ಕಾಯ ಎಂಬ ಮೂರು ಯೋಗಗಳಿಂದ. ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡುವವನನ್ನು ಅನುಮೋದಿಸುವುದು ಎಂಬ ಮೂರು ಬಗೆಗಳಿಂದ. ಕೃತ, ಕಾರಿತ, ಅನುಮತವೆಂಬ ಈ ಮೂರು ಬಾಗಿಲುಗಳಲ್ಲಿ ಮೊದಲನೆಯದನ್ನು ಭದ್ರವಾಗಿ ಅಗುಳಿ ಹಾಕಿ ಉಳಿದೆರಡನ್ನು ತೆರೆದಿಟ್ಟ ಮನೆಗಳೇ ಹೆಚ್ಚು. ದಸರೆಗೆ ಕೊಯ್ಯುತ್ತೇನೆಂದು ಬಾಯಿಬಿಟ್ಟು ಹೇಳಿದವನ ಕೈಗೆ ಹುಂಜವನ್ನಿತ್ತರೆ ಅದು ಕಾರಿತವೋ ಅನುಮತವೋ ಎಂದು ಪಂಡಿತರು ತರ್ಕಿಸಬಹುದು. ಎರಡೂ ಅಲ್ಲವೆಂದು ಯಾರೂ ಹೇಳಲಾರರು. ಇನ್ನು ಉದ್ದೇಶವನ್ನು ಹೇಳದವನಿಗೆ ಕೊಟ್ಟರೆ? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಘಾತಕ್ಕಿಂತ ಮೊದಲು ಪ್ರಮಾದವನ್ನಿಟ್ಟಿದ್ದಾರೆಂಬುದನ್ನು ಸ್ವಾಧ್ಯಾಯ ಮಾಡುವವರೆಲ್ಲ ಬಲ್ಲರು. ವಿಚಾರಿಸಲು ಅವಕಾಶವಿದ್ದೂ ವಿಚಾರಿಸದೆ ಇರುವುದು ಪ್ರಮಾದವೇ. ತಿಳಿಯದಿರಲೆಂದೇ ಕೇಳದಿರುವುದಂತೂ ಪ್ರಮಾದಕ್ಕಿಂತಲೂ ಒಂದು ಮೆಟ್ಟಿಲು ಕೆಳಗೆ.

ಅಜ್ಜಿಯು ಮಗನೊಡನೆ ತರ್ಕಕ್ಕೆ ಇಳಿಯಲಿಲ್ಲ. “ಯಶೋಧರನ ಕಥಿ ನಿನಗ ಹೇಳಿಲ್ಲೇನು?” ಎಂದಷ್ಟೇ ಕೇಳಿದಳು.

ಹುಂಜದ ವಿಷಯದಲ್ಲಿ ಜೈನರ ಮನೆಗಳಲ್ಲಿ ಮೊದಲು ನೆನಪಾಗಬೇಕಾದುದು ಆ ಕಥೆಯೇ. ಕ್ರಿ.ಶ. 959ರಲ್ಲಿ ಸೋಮದೇವಸೂರಿಗಳು ಅದನ್ನು ಸಂಸ್ಕೃತದಲ್ಲಿ ಯಶಸ್ತಿಲಕವೆಂದು ಹೇಳಿದರು, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಅಂದರೆ ಅಂದಿನ ಮಾನ್ಯಖೇಟದಲ್ಲಿದ್ದ ಪುಷ್ಪದಂತ ಕವಿ ಅಪಭ್ರಂಶದಲ್ಲಿ ಹೇಳಿದನು, ವಾದಿರಾಜಸೂರಿಗಳು ಹೇಳಿದರು, 1209ರಲ್ಲಿ ಜನ್ನನು ಕನ್ನಡದಲ್ಲಿ ಹೇಳಿದನು. ಗಬ್ಬೂರಿನಿಂದ ಮಳಖೇಡ ಬಹು ದೂರದ ದಾರಿಯಲ್ಲ. ಈ ಸೀಮೆಯ ಗಾಳಿಯಲ್ಲಿ ಆ ಕಥೆ ಸಾವಿರ ವರ್ಷದಿಂದ ಇದೆ.

ಉಜ್ಜಯಿನಿಯ ಅರಸ ಯಶೋಧರನಿಗೆ ಜೀವಬಲಿ ಸಮ್ಮತವಲ್ಲ. ತಾಯಿ ಚಂದ್ರಮತಿಯಾದರೋ ದುಃಸ್ವಪ್ನದ ಶಾಂತಿಗಾಗಿ ದೇವಿಗೆ ಬಲಿ ಬೇಕೆಂದು ಪಟ್ಟು ಹಿಡಿದಳು. ಧರ್ಮವನ್ನೂ ಬಿಡಲಾರದೆ, ತಾಯಿಯ ಮಾತನ್ನೂ ಮೀರಲಾರದೆ ಅರಸನು ನಡುದಾರಿ ಹಿಡಿದನು: ಜೀವವಿರುವುದನ್ನು ಕೊಲ್ಲುವುದಿಲ್ಲ, ಹಿಟ್ಟಿನ ಹುಂಜವನ್ನು ಕಡಿಯುತ್ತೇನೆ. ಆ ಹಿಟ್ಟಿನ ಹುಂಜವು ಖಡ್ಗದ ಪೆಟ್ಟಿಗೆ ಕೂಗಿತು. ಅನಂತರ ತಾಯಿಯೂ ಮಗನೂ ರಾಣಿಯ ವಿಷಕ್ಕೆ ತುತ್ತಾಗಿ ನವಿಲು, ನಾಯಿ, ಹಾವು, ಮೀನು, ಆಡು ಮುಂತಾದ ತಿರ್ಯಗ್ಗತಿಗಳಲ್ಲಿ ಸುತ್ತಿ, ಒಬ್ಬರನ್ನೊಬ್ಬರು ಅರಿಯದೆ ನೋಯಿಸಿ, ತಮ್ಮ ಮನೆಯವರ ಕೈಯಿಂದಲೇ ನೋವುಂಡು, ಕಡೆಗೆ ಎರಡು ಹುಂಜಗಳಾಗಿ ಹುಟ್ಟಿದರು.

ಕಥೆಯ ಈ ಭಾಗವನ್ನು ಅವಸರದಲ್ಲಿ ದಾಟಬಾರದು. ಆ ಹುಂಜಗಳು ಸಾಕಿದವನ ಪಂಜರದಲ್ಲಿದ್ದವು. ಪಂಜರದ ಬಳಿ ಮುನಿಗಳು ಧರ್ಮವನ್ನು ಹೇಳುತ್ತಿದ್ದರು; ಪೂರ್ವಭವಗಳ ವೃತ್ತಾಂತ ಕಿವಿಗೆ ಬಿದ್ದು ಹುಂಜಗಳಿಗೆ ಜಾತಿಸ್ಮರಣವುಂಟಾಯಿತು; ಅವು ವ್ರತವನ್ನು ಮನದಲ್ಲಿಯೇ ಗ್ರಹಿಸಿ ಸಂತೋಷದಿಂದ ಕೂಗಿದವು. ಆ ಕೂಗು ಸಮೀಪದಲ್ಲಿ ರಾಣಿಯೊಡನಿದ್ದ ಅರಸ ಯಶೋಮತಿಗೆ ಕೇಳಿಸಿತು. ಶಬ್ದವೇಧಿ ವಿದ್ಯೆಯನ್ನು ತೋರಿಸುವ ಹುರುಪಿನಲ್ಲಿ ಅವನು ಧ್ವನಿ ಬಂದೆಡೆಗೆ ಬಾಣ ಬಿಟ್ಟನು. ಅವನು ಕೊಂದುದು ತನ್ನ ತಂದೆಯನ್ನೂ ಅಜ್ಜಿಯನ್ನೂ. ಆ ಜೀವಗಳೇ ಅವನ ಮಕ್ಕಳಾಗಿ, ಅಭಯರುಚಿ ಅಭಯಮತಿಯರಾಗಿ ಹುಟ್ಟಿದವು. ಅವರ ಹೆಸರುಗಳಲ್ಲಿಯೇ ಅಭಯವಿದೆ.

ಹುಂಜಕ್ಕೆ ಮುಳುವಾದುದು ಅದರ ಕೂಗು. ಇಂದಿಗೂ ಊರಿನೊಳಗೆ ಹುಂಜಕ್ಕೆ ಮುಳುವಾಗುವುದು ಕೂಗೇ. ಹೇಂಟೆ ಕೂಗುವುದಿಲ್ಲ, ಅದನ್ನು ಸಾಕುವವರಿದ್ದಾರೆ. ಹುಂಜ ಕೂಗುತ್ತದೆ, ಅದು ಬೇಡವಾಗುತ್ತದೆ. ಅದನ್ನು ಶಿಕ್ಷಿಸಿ ಬಿಡಿಸಲಾಗದು. 2013ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹುಂಜಗಳನ್ನು ಮಂದಬೆಳಕಿನಲ್ಲಿಯೇ ಇರಿಸಿ ಪರೀಕ್ಷಿಸಿದಾಗ, ಸೂರ್ಯನನ್ನು ಕಾಣದೆಯೂ ಅವು ನಸುಕಿನ ವೇಳೆಗೆ ಸರಿಯಾಗಿ ಕೂಗಿದವು. ಗಡಿಯಾರವು ಅವುಗಳ ದೇಹದೊಳಗೇ ಇದೆಯೆಂದು ಗೊತ್ತಾಯಿತು. ಅದು ಅದರ ಸ್ವಭಾವ. ಸ್ವಭಾವಕ್ಕಾಗಿ ಮರಣದಂಡನೆ ವಿಧಿಸುವುದು ಎಲ್ಲಿಯ ನ್ಯಾಯ?

ಯಶೋಧರನ ನಡುದಾರಿಯನ್ನೂ ಗಬ್ಬೂರಿನ ಮಗನ ಮಾತನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಬಹುದು. ಅರಸನ ಎದುರು ಜೀವವಿರಲಿಲ್ಲ, ಸಂಕಲ್ಪವಿತ್ತು. ಹಿಟ್ಟೆಂಬ ನೆವದಿಂದ ಸಂಕಲ್ಪವನ್ನು ಮುಚ್ಚಿಕೊಂಡನು. ಈ ಗೃಹಸ್ಥನ ಎದುರು ಜೀವವೇ ಇದೆ. ದಾನವೆಂಬ ನೆವದಿಂದ ಅದರ ಮರಣವನ್ನು ಮುಚ್ಚಿಕೊಳ್ಳುತ್ತಾನೆ. ಹಿಟ್ಟಿನ ಹುಂಜಕ್ಕೇ ಅಷ್ಟು ಭವಗಳ ಲೆಕ್ಕವಾದರೆ, ಮೊಮ್ಮಗನು ಕೈಯಾರೆ ನುಚ್ಚು ತಿನ್ನಿಸಿ ಬೆಳೆಸಿದ ಹುಂಜದ ಲೆಕ್ಕವೆಷ್ಟು ಎಂದು ಅಜ್ಜಿ ಕೇಳಿದಳು. ಮಗನು ಉತ್ತರ ಹೇಳಲಿಲ್ಲ.

ಆದರೂ ನಿರ್ಧಾರವಾಗದೆ ದಿನಗಳು ಕಳೆದವು. ಶ್ರಾವಣದ ಚತುರ್ದಶಿ ಬಂದಿತು. ಅಜ್ಜಿಯ ಉಪವಾಸ. ಮಳೆ ಹಿಡಿದು ಬಿಸಿಲು ಬಿದ್ದ ದಿನ. ಮಧ್ಯಾಹ್ನದ ಸೆಕೆಯಲ್ಲಿ ಜಪಮಾಲೆ ಹಿಡಿದು ಹಿತ್ತಲ ಬಾಗಿಲಿಗೆ ಬಂದು ಕುಳಿತವಳ ಕಣ್ಣು ಬುಟ್ಟಿಯ ಮೇಲೆ ಬಿದ್ದಿತು. ನೆರಳು ಸರಿದು ಬುಟ್ಟಿಯು ಬಿಸಿಲಿನಲ್ಲಿತ್ತು. ಒಳಗೆ ಹುಂಜವು ಕೊಕ್ಕು ತೆರೆದು, ರೆಕ್ಕೆ ಸಡಿಲಿಸಿ, ಗಂಟಲು ಅದುರಿಸುತ್ತ ನಿಂತಿತ್ತು. ಕೋಳಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಾಯಿಯಿಂದ ಉಸಿರೆಳೆದೇ ಅವು ಮೈಕಾವನ್ನು ಕಳೆಯಬೇಕು. ನೀರಿನ ಬಟ್ಟಲು ಬರಿದಾಗಿ ಬೋರಲಾಗಿತ್ತು. ಬೆಳಿಗ್ಗೆಯಿಂದ ಯಾರೂ ನೋಡಿರಲಿಲ್ಲ. ಆಕೆಗೂ ಬಾಯಾರಿತ್ತು, ಅದಕ್ಕೂ ಬಾಯಾರಿತ್ತು. ಆಕೆಯದು ತಾನಾಗಿ ಸ್ವೀಕರಿಸಿದ ಪ್ರತ್ಯಾಖ್ಯಾನ, ಮರುದಿನ ಪಾರಣೆಯುಳ್ಳದ್ದು. ಹುಂಜದ್ದು ಯಾರೋ ಹೇರಿದುದು.

ಅಹಿಂಸಾಣುವ್ರತಕ್ಕೆ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಹೊಡೆಯುವುದು. ಪಾಠ ಮಾಡುವಾಗ ಎತ್ತು, ಎಮ್ಮೆ, ಆಳುಗಳ ಉದಾಹರಣೆ ಕೊಟ್ಟು ಮುಂದೆ ಹೋಗುವುದು ರೂಢಿ. ಬುಟ್ಟಿಯ ಹುಂಜಕ್ಕೆ ಇವನ್ನು ಹಚ್ಚಿ ನೋಡಿದರೆ ಅತಿಭಾರವೊಂದನ್ನು ಬಿಟ್ಟು ಉಳಿದೆಲ್ಲವೂ ಮನೆಯಲ್ಲಿಯೇ ಕಾಣಸಿಗುತ್ತವೆ. ತಿರುಗಲಾಗದಂತೆ ಕವಿಚಿಟ್ಟ ಬುಟ್ಟಿ ಬಂಧ. ಕೂಗಿದಾಗ ಬುಟ್ಟಿಯ ಮೇಲೆ ಬೀಳುವ ಕೋಲು ವಧ. ಕುಕ್ಕದಿರಲೆಂದು ಮುಳ್ಳನ್ನೂ ಕೊಕ್ಕನ್ನೂ ಕತ್ತರಿಸುವುದು ಛೇದ. ಮರೆತ ನೀರು ಅನ್ನಪಾನನಿರೋಧ. ಇದೇ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಿಲಾಶಾಸನದಿಂದ ಅಶೋಕನೆಂಬ ಹೆಸರು ಲೋಕಕ್ಕೆ ಸ್ಪಷ್ಟವಾಯಿತು. ಆ ಅರಸನೇ ಉತ್ತರ ದೇಶದ ಸ್ತಂಭಗಳಲ್ಲಿ ಬರೆಸಿದ ಐದನೆಯ ಶಾಸನದಲ್ಲಿ ಹುಂಜಗಳ ಬೀಜ ತೆಗೆಯಬಾರದೆಂದೂ, ಒಂದು ಜೀವವನ್ನು ಇನ್ನೊಂದು ಜೀವಕ್ಕೆ ಉಣಿಸಬಾರದೆಂದೂ ಆಜ್ಞೆ ಮಾಡಿದ್ದಾನೆ. ಸಾಮ್ರಾಜ್ಯವನ್ನಾಳುವವನಿಗೆ ಹುಂಜದ ನೋವಿಗೆ ಒಂದು ಸಾಲು ಬರೆಸುವ ವ್ಯವಧಾನವಿತ್ತು!

ಅಜ್ಜಿಯು ನಡುಗುವ ಕೈಯಿಂದ ಬುಟ್ಟಿಯನ್ನು ಎತ್ತಿ ನೀರಿಟ್ಟಳು. ಅಂದೇ ಸೊಸೆಯನ್ನೂ ಮೊಮ್ಮಗನನ್ನೂ ಕರೆದು, ಈ ಪರ್ವದಲ್ಲಿ ತಾನು ಹೊಸದಾಗಿ ಯಾವ ರಸತ್ಯಾಗವನ್ನೂ ಮಾಡುವುದಿಲ್ಲವೆಂದೂ, ಹುಂಜಕ್ಕೆ ನೆಲೆ ಸಿಗುವವರೆಗೆ ಅದು ನೀರು ಕುಡಿದುದನ್ನು ನೋಡದೆ ತಾನು ನೀರು ಕುಡಿಯುವುದಿಲ್ಲವೆಂದೂ ನಿಯಮ ಹೇಳಿದಳು. ಸೊಸೆಗೆ ಕಣ್ಣೀರು ಬಂದಿತು. ಸ್ವಲ್ಪ ಸಿಟ್ಟೂ ಬಂದಿರಬಹುದು. ಮುದುಕಿಯ ನಿಯಮವೆಂದರೆ ಮನೆಯವರೆಲ್ಲರ ನಿಯಮವಲ್ಲವೇ?

ಆದರೆ ಹುಂಜವನ್ನು ಇಟ್ಟುಕೊಳ್ಳುವುದೂ ನಿರ್ದೋಷವಲ್ಲ ಎಂಬುದನ್ನು ಇಲ್ಲಿ ಹೇಳದಿದ್ದರೆ ಅಪಚಾರವಾದೀತು. ಅಮಿತಗತಿ ಆಚಾರ್ಯರು ತಮ್ಮ ಶ್ರಾವಕಾಚಾರದಲ್ಲಿ ನಾಯಿ, ಬೆಕ್ಕು, ಕೋಳಿ, ನವಿಲು, ಗಿಳಿ ಮುಂತಾದವನ್ನು ಹಿತವನ್ನು ಬಯಸುವವರು ಸಾಕಬಾರದೆಂದು ಅನರ್ಥದಂಡದ ಪ್ರಸಂಗದಲ್ಲಿಯೇ ಹೇಳಿದ್ದಾರೆ. ಹುಂಜವು ಕೆದಕಿದ ಮಣ್ಣಿನಲ್ಲಿ ಹುಳುವಿಗೆ ಉಳಿವಿಲ್ಲ. ಮಕ್ಕಳ ವಿನೋದಕ್ಕಾಗಿ ಅಂಥ ಜೀವವನ್ನು ಮನೆಗೆ ತರುವುದು ಪ್ರಯೋಜನವಿಲ್ಲದ ಪಾಪವನ್ನು ದುಡ್ಡು ಕೊಟ್ಟು ತಂದಂತೆ. ತಪ್ಪು ನಡೆದುದು ಜಾತ್ರೆಯ ದಿನವೇ. ಆದರೆ ತಾರದಿರಬೇಕಿತ್ತೆಂಬ ಉಪದೇಶವು, ತಂದಾದ ಮೇಲೆ ಬೀದಿಗೆ ಬಿಡಲು ಅಪ್ಪಣೆಯಾಗಲಾರದು. ಸಾಲ ಮಾಡಬಾರದೆಂಬುದು ನೀತಿ. ಮಾಡಿದ ಸಾಲವನ್ನು ತೀರಿಸಬಾರದೆಂದು ಅದರ ಅರ್ಥವೇ?

ಜಾತ್ರೆಯ ಬಣ್ಣದ ಮರಿಗಳು ಎಲ್ಲಿಂದ ಬರುತ್ತವೆ ಎಂಬುದನ್ನೂ ಮನೆಯವರು ತಿಳಿದಿರಬೇಕು. ಇಪ್ಪತ್ತೊಂದು ದಿನ ಕಾವು ಕೊಟ್ಟಾಗ ಮೊಟ್ಟೆಯೊಡೆದು ಬರುವ ಮರಿಗಳಲ್ಲಿ ಸುಮಾರು ಅರ್ಧ ಗಂಡು. ಮೊಟ್ಟೆಯ ವ್ಯಾಪಾರಕ್ಕೆಂದೇ ಬೆಳೆಸುವ ತಳಿಯ ಗಂಡುಮರಿ ಮೊಟ್ಟೆಯಿಡದು. ಮಾಂಸವೂ ಅದರಲ್ಲಿ ಹೆಚ್ಚಿಲ್ಲ. ಆದಕಾರಣ ಹುಟ್ಟಿದ ದಿನವೇ ಅವನ್ನು ಬೇರ್ಪಡಿಸಿ ಕೊಲ್ಲುವುದು ಜಗತ್ತಿನ ಮರಿಕೇಂದ್ರಗಳ ಪದ್ಧತಿ. ಉಳಿದ ಕೆಲವು ಬಣ್ಣ ಬಳಿಸಿಕೊಂಡು ಸಂತೆ ಜಾತ್ರೆಗಳಿಗೆ ಬರುತ್ತವೆ. ಜರ್ಮನಿ ದೇಶವು 2022ರ ಆರಂಭದಿಂದ ಈ ಮರಿಹತ್ಯೆಯನ್ನು ಕಾಯಿದೆಯಿಂದ ನಿಷೇಧಿಸಿತು. ಫ್ರಾನ್ಸ್ ಅದರ ಹಿಂದೆಯೇ ನಡೆಯಿತು. ಕಾವು ಕೂರದ ಮೊಟ್ಟೆಯಲ್ಲಿ ಜೀವವೆಲ್ಲಿದೆ, ತಿಂದರೇನು ಎಂದು ವಾದಿಸುವ ತರುಣರು ಈಚೆಗೆ ನಮ್ಮ ಮನೆಗಳಲ್ಲಿಯೂ ಇದ್ದಾರೆ. ಆ ಮೊಟ್ಟೆಯಿಟ್ಟ ಹೇಂಟೆಯ ಜೊತೆಗೆ ಹುಟ್ಟಿದ ಹುಂಜ ಏನಾಯಿತೆಂದು ಅವರನ್ನು ಕೇಳಬೇಕು.

ಇನ್ನು ನೆಲೆ ಹುಡುಕುವ ಮಾತು. ಮಗನು ಮೊದಲು ದೆಹಲಿಯ ಪಕ್ಷಿ ಆಸ್ಪತ್ರೆಯನ್ನು ನೆನೆದನು. ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ, 1929ರಲ್ಲಿ ಆರಂಭವಾದ ಆ ಸಂಸ್ಥೆ ಸಮಾಜಕ್ಕೆ ಭೂಷಣವೇ. ಅಲ್ಲಿ ಗುಣವಾದ ಪಾರಿವಾಳ ಗಿಳಿಗಳನ್ನು ಆಕಾಶಕ್ಕೆ ಬಿಡುತ್ತಾರೆ. ಹುಂಜಕ್ಕೆ ಆಕಾಶವಿಲ್ಲ. ಸಾವಿರಾರು ವರ್ಷ ಮನುಷ್ಯನ ಅಂಗಳದಲ್ಲಿ ಬೆಳೆದ ಜೀವಕ್ಕೆ ಬಿಡುಗಡೆಯೆಂದರೆ ನಾಯಿಯ ಬಾಯಿ, ಇಲ್ಲವೆ ಕಾಡುಬೆಕ್ಕಿನ ಬಾಯಿ. ಹೊಲದಲ್ಲೋ ಕೆರೆಯ ಏರಿಯ ಮೇಲೋ ಬಿಟ್ಟು ಬಂದು ಅಭಯದಾನ ಮಾಡಿದೆವೆಂದು ತೃಪ್ತಿಪಡುವವರು ಮರುದಿನ ಅಲ್ಲಿ ಗರಿಗಳನ್ನು ನೋಡಲು ಹೋಗುವುದಿಲ್ಲ.

ಆದ್ದರಿಂದ ಮನೆಯನ್ನೇ ಹುಡುಕಬೇಕು. ಹೇಗೆ? ಮಗಳನ್ನು ಕೊಡುವ ಮನೆಯನ್ನು ನೋಡುವ ಹಾಗೆ ಎಂದಳು ಅಜ್ಜಿ. ಹೋಗಿ ನೋಡಬೇಕು, ಅಂಗಳದಲ್ಲಿ ಕುಳಿತು ನೀರು ಕುಡಿದು ಬರಬೇಕು, ನೆರೆಯವರನ್ನು ವಿಚಾರಿಸಬೇಕು. ಕೂಗುತ್ತದೆ, ಕುಕ್ಕುತ್ತದೆ, ಮೊಟ್ಟೆಯಿಡುವುದಿಲ್ಲ ಎಂಬ ದೋಷಗಳನ್ನು ಮೊದಲೇ ಹೇಳಬೇಕು. ಹೇಳದೆ ಕೊಟ್ಟರೆ ಎರಡು ತಿಂಗಳಲ್ಲಿ ಅವರಿಗೂ ಬೇಡವಾಗಿ ಅದು ಮೂರನೆಯವರ ಕೈ ಸೇರುತ್ತದೆ. ಚೆನ್ನಾಗಿ ನೋಡಿಕೊಂಡರೆ ಹುಂಜ ಐದರಿಂದ ಎಂಟು ವರ್ಷ ಬದುಕುತ್ತದೆಂಬುದನ್ನೂ ಹೇಳಬೇಕು. ಹಣ ತೆಗೆದುಕೊಳ್ಳಬಾರದು. ತಿರ್ಯಂಚಗಳ ವ್ಯಾಪಾರವನ್ನು ಸಮಂತಭದ್ರ ಆಚಾರ್ಯರು ಪಾಪೋಪದೇಶದ ಸಾಲಿನಲ್ಲಿಟ್ಟಿದ್ದಾರೆ. ಬದಲಾಗಿ ಜೀವದೊಡನೆ ಕಾಳನ್ನೂ ಕೊಡಬೇಕು. ಎಂದಾದರೂ ಬೇಡವಾದರೆ ಇನ್ನೊಬ್ಬರಿಗೆ ಕೊಡದೆ ನಮ್ಮ ಮನೆಗೇ ತಿರುಗಿ ತನ್ನಿರೆಂದು ಮಾತು ತೆಗೆದುಕೊಳ್ಳಬೇಕು. ಈ ಕಡೆಯ ಮಾತನ್ನು ಕೇಳಿಯೇ ಅರ್ಧ ಜನ ಹಿಂದೆ ಸರಿಯುತ್ತಾರೆ. ಅವರು ಸರಿಯುವುದೇ ಒಳ್ಳೆಯದು.

ಮೊದಲು ಕಂಡ ಮನೆ ಮಾನ್ವಿಯ ಕಡೆಯದು. ಗದ್ದೆ, ನೀರು, ಬೇಕಾದಷ್ಟು ನುಚ್ಚು, ಹತ್ತಾರು ಹೇಂಟೆಗಳು, ಹುಂಜವೊಂದು ಬೇಕಾಗಿತ್ತು. ಹುಂಜದ ಮಟ್ಟಿಗೆ ಸ್ವರ್ಗವೇ. ಹತ್ತು ಹೇಂಟೆಗೆ ಒಂದು ಹುಂಜವಿದ್ದರೆ ಜಗಳವಿರದು. ಮಗನು ಒಪ್ಪಿ ಬಂದನು. ಆದರೆ ಹುಂಜ ಹೋದೊಡನೆ ಮೊಟ್ಟೆಗಳಲ್ಲಿ ಮರಿಯಾಗುತ್ತವೆ. ಆ ಮರಿಗಳು ಬೆಳೆದು ಎಲ್ಲಿಗೆ ಹೋಗುತ್ತವೆ? ಒಂದನ್ನು ಉಳಿಸಲು ಹೋಗಿ ನೂರು ವಧ್ಯಜೀವಗಳಿಗೆ ಹುಟ್ಟಿನ ಬಾಗಿಲು ತೆರೆದಂತಾಯಿತು. ಅದನ್ನು ಕೇಳಿದವಳು ಸೊಸೆ. ಬೇಗನೆ ಸಾಗಹಾಕಬೇಕೆಂದಿದ್ದವಳೇ ಆ ಮನೆಯನ್ನು ಬೇಡವೆಂದಳು.

ಎರಡನೆಯದು ದೇವದುರ್ಗದ ದಾರಿಯ ಒಂದು ಲಿಂಬೆಯ ತೋಟ. ಒಡೆಯರು ವೀರಶೈವ ದಂಪತಿಗಳು, ಮಕ್ಕಳು ಬೆಂಗಳೂರಿನಲ್ಲಿ. ತೋಟದ ಮನೆಯಲ್ಲಿ ಆಗಲೇ ಎರಡು ಹುಂಜಗಳಿದ್ದವು, ಹೇಂಟೆಯಿರಲಿಲ್ಲ. ಹಿಂದಿನ ವರ್ಷಗಳಲ್ಲಿ ಯಾರೋ ಬಿಟ್ಟು ಹೋದವು. “ನಮ್ಮನ್ಯಾಗ ಯಾರೂ ತಿನ್ನಂಗಿಲ್ರಿ. ಹಾವು ಬಂದ್ರ ಕೂಗಿ ಹೇಳ್ತಾವ, ಇರಲಿ ಅಂತ ಬಿಟ್ಟೀವಿ” ಎಂದಳು ಆ ತಾಯಿ. ಹೇಂಟೆಗಳಿಲ್ಲದಲ್ಲಿ ಹುಂಜಗಳು ಕೂಡಿ ಬಾಳುವುದುಂಟು. ಮೇಲುಕೀಳಿನ ನಾಲ್ಕು ದಿನದ ಜಗಳ ಮುಗಿದರೆ ಸಾಕು. ನೆರೆಮನೆ ಕೂಗಳತೆಗೂ ಆಚೆ. ರಾತ್ರಿ ಕೂಡಲು ತಂತಿಬಲೆಯ ಗೂಡಿತ್ತು. ಅಂಗಳದಲ್ಲಿ ನೀರಿನ ಕಲ್ಲುಬಾನಿಯಿತ್ತು. ಅಜ್ಜಿಯು ಕೇಳಿಸಿದ ಪ್ರಶ್ನೆ ಒಂದೇ: ನಂಟರು ಬಂದು ಬೇಡಿದರೆ? ಆ ತಾಯಿ ನಕ್ಕು, “ಬೇಡ್ಯಾರ್ರಿ. ಕೊಟ್ಟಿಲ್ಲ” ಎಂದಳು.

ಒಯ್ಯುವುದಕ್ಕೆ ಮುಂಚೆ ಮೂರು ವಾರ ಕಾಯಬೇಕಾಯಿತು. ಕೋಳಿಗಳಿಗೆ ರಾಣಿಖೇತ್ ಎಂಬ ಬೇನೆಯುಂಟು. ಒಂದಕ್ಕೆ ಬಂದರೆ ಹಿಂಡೇ ಹೋಗುತ್ತದೆ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಹಕ್ಕಿಜ್ವರವೂ ಕಾಣಿಸಿಕೊಂಡಿತ್ತು. ಬೇನೆಯ ಸುದ್ದಿಯಿರುವಾಗ ಪಕ್ಷಿಯನ್ನು ಊರಿಂದೂರಿಗೆ ಒಯ್ಯಲೇಬಾರದು. ಸರಕಾರಿ ಪಶುವೈದ್ಯರಲ್ಲಿ ಲಸಿಕೆ ಹಾಕಿಸಿ, ಹುಂಜವು ಚಟುವಟಿಕೆಯಿಂದಿದೆಯೆಂದು ನೋಡಿಕೊಂಡ ಮೇಲೆಯೇ ಕಳಿಸುವುದೆಂದಾಯಿತು. ಒಂದು ಜೀವಕ್ಕೆ ನೆಲೆ ಕೊಡುವ ಭರದಲ್ಲಿ ಇನ್ನೆರಡನ್ನು ಕೊಂದರೆ ಏನು ಬಂದಿತು? ಆ ಮೂರು ವಾರ ರಾತ್ರಿ ಹುಂಜವನ್ನು ಒಳಗಿನ ಕತ್ತಲೆ ಕೋಣೆಯಲ್ಲಿರಿಸಿದರು. ಕೂಗು ನಿಲ್ಲಲಿಲ್ಲ, ಗೋಡೆಗಳು ಅದನ್ನು ತಗ್ಗಿಸಿದವು. ಬಾಣಂತಿಯ ಮನೆಗೆ ಹೋಗಿ ಸೊಸೆಯೇ ಕ್ಷಮೆ ಕೇ��ಿ ದಿನ ಹೇಳಿ ಬಂದಳು. ದಶಲಕ್ಷಣದ ಹತ್ತು ದಿನವೂ ಹುಂಜ ಮನೆಯಲ್ಲಿಯೇ ಇದ್ದಿತು. ಪೂಜೆಯ ನಡುವೆ ಕೂಗಿತು. ಅಂಗಳವನ್ನು ದಿನಕ್ಕೆ ಮೂರು ಸಲ ತೊಳೆಯಬೇಕಾಯಿತು. ಬಾಲಕನು ಬೆಳಿಗ್ಗೆ ಹಾಲು ಕುಡಿಯುವುದಕ್ಕೆ ಮೊದಲು ಬಟ್ಟಲಿಗೆ ನೀರು ತುಂಬುತ್ತಿದ್ದನು. ಅದನ್ನು ಯಾರೂ ಅವನಿಗೆ ವ್ರತವೆಂದು ಹೇಳಿಕೊಟ್ಟಿರಲಿಲ್ಲ.

ಅನಂತ ಚತುರ್ದಶಿಯ ಉಪವಾಸ ಮುಗಿದು ಪಾರಣೆಯಾದ ಮರುದಿನ, ಕ್ಷಮಾವಣಿಯಂದು, ಹೊತ್ತು ಏರುವ ಮೊದಲೇ ಹೊರಟರು. ಕಾಲು ಕಟ್ಟಿ ಸೈಕಲ್ಲಿನ ಕೈಗೆ ತಲೆಕೆಳಗಾಗಿ ತೂಗುಹಾಕಿ ಕೋಳಿಗಳನ್ನು ಒಯ್ಯುವುದು ನಮ್ಮ ದಾರಿಗಳಲ್ಲಿ ನಿತ್ಯದ ನೋಟ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ನೋವಾಗುವಂತೆ ಸಾಗಿಸುವುದು ಅಪರಾಧವೆಂಬುದು ಎಷ್ಟು ಜನರಿಗೆ ಗೊತ್ತು? ಇವರು ಅಗಲವಾದ ಬುಟ್ಟಿಗೆ ಹುಲ್ಲು ಹಾಸಿ, ಮೇಲೆ ತೆಳುಬಟ್ಟೆ ಕಟ್ಟಿ, ಮಡಿಲಲ್ಲಿಟ್ಟುಕೊಂಡು ಹೋದರು. ಜೊತೆಗೆ ಒಂದು ಚೀಲ ಜೋಳ. ತೋಟದಲ್ಲಿ ಹೊಸ ಹುಂಜವನ್ನು ಒಮ್ಮೆಗೇ ಹಳೆಯವುಗಳ ನಡುವೆ ಬಿಡದೆ ಬಲೆಯ ಈಚೆಗೆ ಬೇರೆಯಾಗಿರಿಸಿದರು. ವಾರೊಪ್ಪತ್ತು ಒಂದನ್ನೊಂದು ನೋಡಿ ರೂಢಿಯಾಗಲೆಂದು. ಹಿಂದಿರುಗುವಾಗ ಬಾಲಕನು ಬಲೆಗೆ ಮುಖವಿಟ್ಟು ಏನನ್ನೋ ಪಿಸುಗುಟ್ಟಿದನು. ಅಂದು ಮನೆಯಲ್ಲಿ ಹಿರಿಯರೆಲ್ಲ ಒಬ್ಬರನ್ನೊಬ್ಬರು ಕ್ಷಮೆ ಕೇಳಿದ್ದನ್ನು ಅವನು ನೋಡಿದ್ದನು.

ದೀಪಾವಳಿಯ ನಿರ್ವಾಣಪೂಜೆ ಮುಗಿಸಿ ಒಂದು ಭಾನುವಾರ ಅವರು ಮತ್ತೆ ಹೇಳದೆಯೇ ತೋಟಕ್ಕೆ ಹೋದರು. ಹೇಳದೆ ಹೋಗಬೇಕೆಂದು ಅಜ್ಜಿಯೇ ಕಳಿಸಿದ್ದಳು. ಲಿಂಬೆಯ ಗಿಡಗಳ ಕೆಳಗೆ ಮೂರು ಹುಂಜಗಳು ತರಗೆಲೆ ಕೆದಕುತ್ತಿದ್ದವು. ಬಿಳಿಯದರ ಜುಟ್ಟಿನ ಮೇಲೆ ಒಣಗಿದ ಒಂದು ಗಾಯವಿತ್ತು. ಬಾಲಕನು ಕರೆದರೂ ಅದು ತಲೆಯೆತ್ತಿ ಒಂದು ಗಳಿಗೆ ನೋಡಿ ಮತ್ತೆ ಕೆದಕತೊಡಗಿತು. ಅವನಿಗೆ ಸ್ವಲ್ಪ ಬೇಸರವಾಯಿತು. ಮನೆಗೆ ಬಂದೊಡನೆ ಅಜ್ಜಿಯು ಬೇರೇನನ್ನೂ ಕೇಳದೆ, “ಬಾನ್ಯಾಗ ನೀರು ಇತ್ತೇನಪ್ಪ?” ಎಂದಳು.

“ತುಂಬಿತ್ತಜ್ಜಿ” ಎಂದನು ಬಾಲಕ.